ನಾಲ್ಕನೇ ಕಟ್ಟಿಗೆ

ಚಿನ್ನಮನೂರು ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವವರಿಗೆ ನಮ್ಮ ಅಂಗಡಿಯಲ್ಲಿ ಮೊದಲು ಕಾಣುವುದು ನನ್ನ ಗಂಡ ಸುಂದರ್, ಆಮೇಲೆ ಅವನ ಪ್ಲಾಸ್ಟಿಕ್ ಫ್ರೇಮುಗಳು. ಎರಡೂ ದೂರದಿಂದ ಮಿರಮಿರ ಮಿಂಚುತ್ತವೆ, ಎರಡನ್ನೂ ಗೋಡೆಗೆ ಒರಗಿಸದಿದ್ದರೆ ಜಾರುತ್ತವೆ. ನಾನು ಕೂರುವುದು ಹಿಂದಿನ ಕೋಣೆಯಲ್ಲಿ, ಮರದ ಹೊಟ್ಟಿನ ನಡುವೆ. ಮರ ಕೊಯ್ದು, ಕೆತ್ತಿ, ಚಿತ್ರಕ್ಕೆ ಚೌಕಟ್ಟು ಕೂಡಿಸುವ ಕಸುಬು ನನ್ನ ಮಾವನದು. ಅವರು ಅದನ್ನು ಮಗನಿಗೆ ಕಲಿಸಲು ನೋಡಿದರು. ಮಗನಿಗೆ ಗರಗಸ ಕಂಡರೆ ಸೊಂಟ ಹಿಡಿಯುತ್ತಿತ್ತು. ಹಾಗಾಗಿ ಉಳಿ ಸೊಸೆಯ ಕೈಗೆ ಬಂತು, ಗಲ್ಲಾಪೆಟ್ಟಿಗೆ ಮಗನ ಕೈಗೆ ಹೋಯಿತು. ಇದಕ್ಕೆ ನಮ್ಮ ಮನೆಯಲ್ಲಿ ಸಮಪಾಲು ಎನ್ನುತ್ತಾರೆ.

ತಮಿಳುನಾಡಿನ ಈ ನಮ್ಮ ಕಣಿವೆಯ ಕನ್ನಡದವರಲ್ಲಿ ಒಂದು ಕಟ್ಟುಪಾಡು ಇದೆ. ಉಸಿರಿರುವ ಮುಖದ ಸುತ್ತ ನಾಲ್ಕು ಕಟ್ಟಿಗೆ ಕೂಡಿಸಬಾರದು. ಬದುಕಿರುವವರ ಚಿತ್ರ ಆಲ್ಬಮ್ಮಿನಲ್ಲಿರಬಹುದು, ಮೊಬೈಲಿನಲ್ಲಿರಬಹುದು, ರಸ್ತೆ ಬದಿಯ ಬ್ಯಾನರಿನಲ್ಲಿ ಎರಡಾಳೆತ್ತರ ನಿಂತು ಬಸ್ಸಿಗೆ ಅಡ್ಡ ಬರಬಹುದು. ಮರದ ಚೌಕಟ್ಟಿಗೆ ಮಾತ್ರ ಸತ್ತ ಮೇಲೇ ಪ್ರವೇಶ. ಒಮ್ಮೆ ಕೂಡಿಸಿದ ಚೌಕಟ್ಟನ್ನು ಒಡೆಯಲೂ ಬಾರದು, ಒಡೆದವನ ಮನೆ ಒಡೆಯುತ್ತದೆ. ಪ್ಲಾಸ್ಟಿಕ್ಕು ಕಟ್ಟಿಗೆಯಲ್ಲ, ಆದ್ದರಿಂದ ಯಮ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಈ ಶಾಸ್ತ್ರಕ್ಕೆ ತಿದ್ದುಪಡಿ ತಂದ ಪಂಡಿತ ನನ್ನ ಗಂಡ. ನನ್ನ ಗಿರಾಕಿಗಳು ಹೀಗೆ ಎರಡೇ ಬಗೆಯಾಗಿ ಉಳಿದರು, ದೇವರು ಮತ್ತು ಸತ್ತವರು. ಇಬ್ಬರೂ ಚೌಕಾಸಿ ಮಾಡುವುದಿಲ್ಲ. ಅವರ ಪರವಾಗಿ ಬರುವವರು ಮಾಡುತ್ತಾರೆ.

ಕೊಂಬೈಯಲ್ಲಿ ನಮ್ಮವರದೊಂದು ಮದುವೆ ಮಂಟಪವಿದೆ. ಅದಕ್ಕೆ ಜಾಗ, ಮರ, ಕಲ್ಲು ಕೊಟ್ಟ ಹಿರಿಯರ ಚಿತ್ರಗಳನ್ನು ಬಣ್ಣದಲ್ಲಿ ಬರೆಸಿ ಒಳಗೋಡೆಗೆ ಸಾಲಾಗಿ ಹಾಕಿದ್ದಾರೆ. ಹಳೆಯ ಚೌಕಟ್ಟುಗಳು ಮಾವನ ಕೈಯವು, ಹೊಸವು ನನ್ನವು. ಆ ಗೋಡೆಗೆ ಸಿಗುವ ಮರ್ಯಾದೆ ನೋಡಿದರೆ ಬದುಕಿರುವುದೇ ದಡ್ಡತನ ಅನ್ನಿಸುತ್ತದೆ. ಯಾರ ಮದುವೆಯಾದರೂ ಮೊದಲ ಲಗ್ನಪತ್ರಿಕೆ ಅವರಿಗೆ. ಮುಹೂರ್ತದ ಹೊತ್ತಿಗೆ ತಾಳಿಯ ತಟ್ಟೆ ಮೊದಲು ಹೋಗುವುದೂ ಅವರ ಮುಂದಕ್ಕೇ. ಒಂದೊಂದು ಚಿತ್ರದ ಕೆಳಗೂ ತಟ್ಟೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅವರು ಹರಸಿದರು ಎಂದು ಎಲ್ಲರೂ ನಂಬುತ್ತಾರೆ. ಆಮೇಲೆ ಅದು ಸಭೆಯಲ್ಲಿ ಕೈಯಿಂದ ಕೈಗೆ ತಿರುಗಿ ಮದುಮಗನನ್ನು ಸೇರುತ್ತದೆ.

ಈ ಮಂಟಪಕ್ಕೆ ಜಾಗ ಕೊಟ್ಟವಳು ಗೋವಿಂದಮ್ಮಾಳ್. ಅವಳ ತವರಿನವರು ಅವಳಿಗೆಂದು ಬಿಟ್ಟಿದ್ದ ತೆಂಗಿನ ತೋಪು ಅದು. ನಾನು ಅವಳನ್ನು ದೊಡ್ಡವ್ವ ಎನ್ನುತ್ತೇನೆ. ನೆಂಟಸ್ತಿಕೆ ಹುಡುಕಿದರೆ ಎಲ್ಲೋ ಸಿಗಬಹುದು, ಹುಡುಕಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗ ಪಾಂಡಿ, ಮಲೆಯ ಮೇಲೆ ಏಲಕ್ಕಿ ತೋಟ ಮಾಡಿಕೊಂಡು, ಹೆಂಡತಿಯ ಜೊತೆ ವಾರಕ್ಕೊಮ್ಮೆ ಇಳಿದು ಬರುತ್ತಾನೆ. ದೊಡ್ಡವ್ವನ ಕಿವಿ ಚುರುಕು, ಕಣ್ಣು ಚುರುಕು, ನಾಲಗೆಯಂತೂ ನನ್ನ ಉಳಿಗಿಂತ ಚುರುಕು.

ಪಂಗುನಿ ತಿಂಗಳ ಒಂದು ಬೆಳಗ್ಗೆ ಅವಳು ಆಟೋದಲ್ಲಿ ಬಂದಿಳಿದಳು. ಒಂದು ತೊಡೆಯ ಮೇಲೆ ಹಳೆಯ ಹೊನ್ನೆ ಮರದ ಹಲಗೆ, ಇನ್ನೊಂದು ತೊಡೆಯ ಮೇಲೆ ಬಟ್ಟೆಯ ಮೇಲೆ ಬರೆಸಿದ ಅವಳದೇ ಚಿತ್ರ. ಅದೂ ಮುಖ ಹೊರಗೆ ಮಾಡಿ. ಕೊಂಬೈಯಿಂದ ಇಲ್ಲಿಯವರೆಗೆ ದಾರಿಯಲ್ಲಿದ್ದವರೆಲ್ಲ ಒಂದೇ ಆಟೋದಲ್ಲಿ ಎರಡು ಗೋವಿಂದಮ್ಮಾಳನ್ನು ಕಂಡು ಪಾವನರಾಗಿದ್ದರು.

"ಗೋಮತಿ, ಇದ ಇಡ್ಕ. ಪಟ್ಟಂತ ಒಂದು ಚೌಕಟ್ಟು ಮಾಡು."

"ಯಾರು ಬರೆದದ್ದು ದೊಡ್ಡವ್ವ?"

"ಪೆರಿಯಕುಳದ ಡ್ರಾಯಿಂಗ್ ಮಾಸ್ತರು, ಕಾರ್ತಿಕೇಯನ್. ಮೊದ್ಲು ಕೆನ್ನೆ ಮಾವಿನಣ್ಣು ಮಾಡಿದ್ದ. ಇವ್ಳು ಯಾರ ಎಂಡ್ರು ಅಂತ ಕೇಳ್ದೆ. ಆಮ್ಯಾಲೆ ನನ್ನ ಮಕ ಬರೆದ."

ಮಾಸ್ತರು ಕೊನೆಗೆ ಸುಕ್ಕು, ನರೆ, ಬೋಳು ಹಣೆ, ಸಿಟ್ಟು ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿದ್ದರು. ಚಿತ್ರ ಚೆನ್ನಾಗಿತ್ತು. ನೋಡುವವರನ್ನೇ ಅದು ಗದರಿಸುವಂತಿತ್ತು.

"ಮಾಡಿ ಎತ್ತಿಡ್ತೀನಿ ದೊಡ್ಡವ್ವ. ಹೊತ್ತು ಬಂದಾಗ..."

"ಯಾವ ಒತ್ತು? ಮಂಡಪದ ಸೆವುರಿನ ಮ್ಯಾಲೆ ನಮ್ಮನೇರ ಪಡಕ್ಕೂ ಪೊನ್ನುತಾಯಿ ಪಡಕ್ಕೂ ನಡುವೆ ಜಾಗ ಐತೆ. ಅದ್ರಲ್ಲಿ ಆಕ್ಬೇಕು. ಈ ವೈಯಾಸಿ ತಿಂಗಳೊಳಗ. ನಾನು ನೋಡ್ಬೇಕು."

ಅವಳು ಕೇಳಿದ್ದು ಗೋಡೆಯ ಸಾಲಿನಲ್ಲಿ, ತೀರಿಕೊಂಡ ಗಂಡನ ಚಿತ್ರಕ್ಕೂ ತೀರಿಕೊಂಡ ಪೊನ್ನುತಾಯಿಯ ಚಿತ್ರಕ್ಕೂ ನಡುವಿನ ಜಾಗ, ಅದೂ ಬದುಕಿರುವಾಗಲೇ. ಹೊರಗೆ ಸುಂದರ್ ಕೆಮ್ಮಿದ. ಅಪಾಯ ಬಂದಾಗ ಅವನು ಮಾಡುವ ಏಕೈಕ ಕೆಲಸ ಅದು. ಆಮೇಲೆ ಒಳಗೆ ತಲೆ ಹಾಕಿ, "ದೊಡ್ಡವ್ವ, ಪ್ಲಾಸ್ಟಿಕ್ಕುಲೆ ಮಾಡ್ಕೊಡ್ಲಾ? ಚಿನ್ನದ ಬಣ್ಣ. ದೋಷ ಇಲ್ಲೆ," ಎಂದ.

"ನಿನ್ನ ಪ್ಲಾಸ್ಟಿಕ್ಕು ನಿನ್ನ ಮೂತಿಗೆ ಆಕ್ಕ," ಎಂದಳು ದೊಡ್ಡವ್ವ. ನನಗೆ ಆ ಹಲಗೆಯ ಮೇಲಿದ್ದ ಪ್ರೀತಿ ಆ ಕ್ಷಣ ಅವಳ ಮೇಲೂ ಬಂತು.

ಹಲಗೆ ಅವಳ ತವರಿನ ಹಳೇ ಬಾಗಿಲಿನದು. ತಲೆಮಾರುಗಳ ಬಿಸಿಲು ಮಳೆ ಕುಡಿದು ತಣ್ಣಗಾದ ಮರ. ಇನ್ನು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇಂಥದ್ದು ಕೈಗೆ ಸಿಗುವುದು ಅಪರೂಪ. ಈಗೆಲ್ಲ ತರುವುದು ಪೆರಿಯಕುಳದ ತೋಪುಗಳಲ್ಲಿ ಕಡಿದ ಮಾವು. ಅದು ಬಾಯಿಗೆ ಚೆಂದ, ಚೌಕಟ್ಟಿಗಲ್ಲ. ಆರು ತಿಂಗಳಿಗೆ ಮೂಲೆ ಬಾಯಿ ಬಿಡುತ್ತದೆ, ವರ್ಷಕ್ಕೆ ಹುಳು ಮನೆ ಕಟ್ಟುತ್ತದೆ. ಹೊನ್ನೆಗೆ ನಾನು ಇಲ್ಲ ಎನ್ನಲಾರೆ. ಹೂಂ ಎಂದೆ. ಮರ ನೋಡಿ ಹೂಂ ಎಂದದ್ದು, ಕಟ್ಟುಪಾಡು ನೋಡಿ ಅಲ್ಲ.

ಸುದ್ದಿ ಕೊಂಬೈ ತಲುಪಲು ಆಟೋ ವಾಪಸು ಹೋಗುವಷ್ಟು ಹೊತ್ತೂ ಬೇಕಾಗಲಿಲ್ಲ. ಮಾರನೆಯ ದಿನ ಮಂಟಪದ ಕಮಿಟಿ ನನ್ನ ಅಂಗಡಿಯಲ್ಲಿತ್ತು. ಕಮಿಟಿ ಎಂದರೆ ಅಧ್ಯಕ್ಷರಾದ ಪಾಂಡಿಯರಾಜನ್, ಮತ್ತು ಅವರು ಹೇಳಿದ್ದಕ್ಕೆ ತಲೆಯಾಡಿಸುವ ಇಬ್ಬರು. ಪಾಂಡಿಯರಾಜನ್ ದ್ರಾಕ್ಷಿ ವ್ಯಾಪಾರಿ. ಬಿಳಿ ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ನು. ಯಾವುದರಿಂದಲೂ ಬರೆದದ್ದನ್ನು ನಾನು ನೋಡಿಲ್ಲ. ದೊಡ್ಡವ್ವನ ಮಗ ಪಾಂಡಿಯೂ ಬಂದಿದ್ದ. ಅವನು ಅವ್ವ ಹೇಳಿದ್ದಕ್ಕೂ ಸರಿ ಎನ್ನುತ್ತಾನೆ, ಅಧ್ಯಕ್ಷರು ಹೇಳಿದ್ದಕ್ಕೂ ಸರಿ ಎನ್ನುತ್ತಾನೆ, ಇಬ್ಬರೂ ಸುಮ್ಮನಿದ್ದರೆ ಗೋಡೆಗೆ ಸರಿ ಎನ್ನುತ್ತಾನೆ. ದೊಡ್ಡವ್ವ ಮೊದಲೇ ಬಂದು ನನ್ನ ಕೆಲಸದ ಹಲಗೆಯ ಮೇಲೆ ಕೂತಿದ್ದಳು.

"ಅತ್ತೆ, ಇಂಗೆ ಮಾಡೋ ವಳಕ್ಕ, ಪದ್ಧತಿ ಇಲ್ಲೆ," ಎಂದರು ಪಾಂಡಿಯರಾಜನ್. "ಉಸುರಿರೋ ಮಕಕ್ಕೆ ನಾಕು ಕಟ್ಟಿಗೆ ಕೂಡಿಸಿದ್ರೆ ಉಸುರು ಎಂಗೆ ನಿಲ್ತದೆ? ನಿಮ್ಮ ಒಳ್ಳೇದಕ್ಕೇ ಏಳ್ತಾ ಇರೋದು."

"ಮದುವೆಯಾಗಿ ಬಂದಾಗಿಂದ ನಾಕು ಸೆವುರೊಳಗ ಇದೀನಿ. ಅವಾಗ ಒಬ್ರೂ ಉಸುರು ನಿಲ್ತದೆ ಅನ್ಲಿಲ್ಲ. ಈವಾಗ ನಾಕು ಕಟ್ಟಿಗೆಗೆ ಎದರ್ತೀರಾ?"

"ಮಂಡಪಕ್ಕೆ ಒಂದು ಮುರೈ, ನೇಮ ಐತಲ್ಲ ಅತ್ತೆ."

"ಸರಿ ತಂಬಿ. ಜಾಗ ನಂದು, ಸೆವುರು ನಿಮ್ದು. ಸೆವುರು ಎತ್ಕೊಂಡು ಓಗಿ."

ತಲೆಯಾಡಿಸುವ ಇಬ್ಬರೂ ಗೊತ್ತಾಗದೆ ಇದಕ್ಕೂ ತಲೆಯಾಡಿಸಿಬಿಟ್ಟರು. ಪಾಂಡಿಯರಾಜನ್ ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡರು. ಜಾಗ ಕೊಟ್ಟವಳನ್ನು ಬೇಡ ಎನ್ನುವಂತಿಲ್ಲ, ಬೇಕು ಎಂದರೆ ಕಟ್ಟುಪಾಡು ಮುರಿಯುತ್ತದೆ. ಇಂಥ ಕಡೆಯಲ್ಲೇ ನಮ್ಮವರ ಬುದ್ಧಿ ಬೆಳಗುವುದು. ಅರ್ಧ ಲೋಟ ಟೀ ಮುಗಿಯುವುದರೊಳಗೆ ಪಾಂಡಿಯರಾಜನ್ ದಾರಿ ಕಂಡುಹಿಡಿದರು. ನಾಲ್ಕು ಕಟ್ಟಿಗೆ ಕೂಡಿಸಬಾರದು ಎಂದರೆ ಮೂರು ಕೂಡಿಸಬಹುದು! ಮೂರು ಕಡೆಯ ಚೌಕಟ್ಟು. ಒಂದು ಕಡೆ ತೆರೆದಿದ್ದರೆ ಮುಖ ಬದುಕಿದೆ ಎಂದು ಲೆಕ್ಕ; ಹೊತ್ತು ಬಂದಾಗ ನಾಲ್ಕನೆಯದನ್ನು ಹೊಡೆದರಾಯಿತು.

ಆಮೇಲೆ ಯಾವ ಕಡೆ ತೆರೆದಿರಬೇಕು ಎಂಬ ವೇದಾಂತ ಶುರುವಾಯಿತು. ಮೇಲ್ಗಡೆ ತೆರೆದರೆ ಜೀವ ಮೇಲಕ್ಕೇ ಹೊರಟುಬಿಡುತ್ತದೆ ಎಂದ ಒಬ್ಬ. ಕೆಳಗಡೆ ತೆರೆದರೆ ಚಿತ್ರವೇ ಬಿದ್ದುಹೋಗುತ್ತದೆ ಎಂದೆ ನಾನು. ಅದು ವೇದಾಂತವಲ್ಲವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅವರೇ ಇನ್ನೊಮ್ಮೆ ಯೋಚಿಸಿ ಕಂಡುಹಿಡಿದರು. ಎಡಗಡೆ ಗಂಡನ ಚಿತ್ರವಿದೆ, ತೆರೆದಿಟ್ಟರೆ ಅವರು ಈಗಲೇ ಕರೆದುಕೊಂಡುಬಿಟ್ಟಾರು ಎಂದ ಇನ್ನೊಬ್ಬ. "ಕರೆಯೋ ಆಳಲ್ಲ ಬುಡು," ಎಂದಳು ದೊಡ್ಡವ್ವ. ಉಳಿದದ್ದು ಬಲಗಡೆ. ಬಲಗಡೆ ಪೊನ್ನುತಾಯಿ ಇದ್ದಾಳೆ, ಪಾಪದವಳು, ಯಾರನ್ನೂ ಕರೆಯುವುದಿಲ್ಲ ಎಂದು ತೀರ್ಮಾನವಾಯಿತು. ಪಾಂಡಿ ಸರಿ ಎಂದ.

ದೊಡ್ಡವ್ವ ಇದಕ್ಕೂ ಒಪ್ಪಿದಳು. ನನಗೆ ಆಶ್ಚರ್ಯವಾಯಿತು.

ಕೆಲಸಕ್ಕೆ ಕೂತೆ. ಕಟ್ಟುಪಾಡು ಮೂರು ಎಂದರೂ ಮರಕ್ಕೆ ಗೊತ್ತಿರುವುದು ನಾಲ್ಕೇ. ಬಳ್ಳಿಯ ಕೆತ್ತನೆ ಒಂದು ಮೂಲೆಯಲ್ಲಿ ತಿರುಗಿ ಮುಂದಿನದಕ್ಕೆ ಹರಿಯಬೇಕು. ಮೂರಕ್ಕೇ ನಿಲ್ಲಿಸಿದರೆ ಬಳ್ಳಿಗೆ ಬಾಲವೂ ಇಲ್ಲ, ತಲೆಯೂ ಇಲ್ಲ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ಕೊಯ್ದೆ, ಒಟ್ಟಿಗೆ ಕೆತ್ತಿದೆ. ಒಳಂಚಿನಲ್ಲಿ ಚಿತ್ರ ಕೂರುವ ತೋಡು ತೆಗೆದೆ. ಮೂಲೆ ಕೊಯ್ಯುವಾಗ ಮಾತ್ರ ನಾನು ಯಾರೊಂದಿಗೂ ಮಾತಾಡುವುದಿಲ್ಲ. ಎರಡು ಓರೆ ತುದಿಗಳು ಸೇರಿದಾಗ ನಡುವೆ ಬೆಳಕು ನುಸುಳಬಾರದು. ನುಸುಳಿದರೆ ಕೆಲವರು ಪುಟ್ಟಿ ತುಂಬಿ ಬಣ್ಣ ಬಳಿಯುತ್ತಾರೆ. ಮಾವ ಹಾಗೆ ಮಾಡಿದವರ ಕೈಯ ನೀರನ್ನೂ ಕುಡಿಯುತ್ತಿರಲಿಲ್ಲ. ಸರೇಸಿನ ಅಂಟು ಕಾಯಿಸಿ ಮೂರನ್ನು ಕೂಡಿಸಿ ಬಿಗಿದೆ. ನಾಲ್ಕನೆಯದಕ್ಕೆ ಎಣ್ಣೆ ಉಜ್ಜಿ ಅಟ್ಟದ ಮೇಲಿಟ್ಟೆ.

ಮಂಟಪದಲ್ಲಿ ಅದನ್ನು ಏರಿಸಿದ ದಿನದ ಕತೆ ಹೇಳದಿದ್ದರೂ ನಡೆಯುತ್ತದೆ, ಆದರೆ ಹೇಳದೆ ಇರಲಾರೆ. ಪಾಂಡಿಯರಾಜನ್ ಶಾಲು ಹೊದ್ದು ಭಾಷಣ ಮಾಡುತ್ತಿದ್ದರು. ನಮ್ಮ ಜನ ಹಳೆಯದನ್ನೂ ಬಿಡಲಿಲ್ಲ, ಹೊಸದಕ್ಕೂ ಹೆದರಲಿಲ್ಲ ಎನ್ನುವಷ್ಟರಲ್ಲಿ ಚಿತ್ರ ತೆರೆದ ಬದಿಯಿಂದ ಮೆಲ್ಲಗೆ ಜಾರಿ, ದೊಡ್ಡವ್ವನ ಅರ್ಧ ಮುಖ ಚೌಕಟ್ಟಿನಾಚೆ ಬಂದು ಪೊನ್ನುತಾಯಿಯ ಚಿತ್ರಕ್ಕೆ ತಾಗಿ ನಿಂತಿತು. ಎರಡು ಮುದುಕಿಯರು ಗುಟ್ಟು ಮಾತಾಡುವ ಹಾಗೆ. ಸಭೆ ನಕ್ಕಿತು. ನಾನು ಏಣಿ ಹತ್ತಿ ಹಿಂದಿನಿಂದ ಒಂದು ಸ್ಕ್ರೂ ತಿರುಗಿಸಿ ಚಿತ್ರವನ್ನು ಅದರ ಮಿತಿಯಲ್ಲಿ ನಿಲ್ಲಿಸಿದೆ. ಕಟ್ಟುಪಾಡು ಬದುಕಿತು, ದೊಡ್ಡವ್ವನೂ ಬದುಕಿದಳು, ನನ್ನ ಕಸುಬಿನ ಮರ್ಯಾದೆ ಮಾತ್ರ ಹೋಯಿತು.

ಮುಂದಿನ ತಿಂಗಳು, ಚಿತ್ತಿರೈಯಲ್ಲಿ, ಅದೇ ಮಂಟಪದಲ್ಲಿ ಯಾರದೋ ಮದುವೆ. ಮುಗಿದ ಮಾರನೆಯ ದಿನ ದೊಡ್ಡವ್ವ ಮತ್ತೆ ನನ್ನ ಅಂಗಡಿಗೆ ಬಂದಳು. ಈ ಸಲ ಆಟೋದಲ್ಲಿ ಅಲ್ಲ, ಬಸ್ಸಿನಲ್ಲಿ. ಬೆವರಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ನಾಕನೇದು ಎಲ್ಲಿ?"

"ಅಟ್ಟದ ಮೇಲಿದೆ. ಯಾಕೆ?"

"ಎತ್ಕ. ಬಂದು ಮೊಳೆ ಒಡಿ."

"ದೊಡ್ಡವ್ವ, ಮೂರಕ್ಕೇ ಒಪ್ಪಿದೆಯಲ್ಲ. ಗೋಡೆಯ ಮೇಲೆ ಕೂತಿದ್ದೀಯ. ಇನ್ನೇನು ಬೇಕು ನಿನಗೆ?"

ಅವಳು ಹೊಟ್ಟಿನ ಮೇಲೇ ಕೂತಳು. "ನೆನ್ನೆ ತಾಳಿ ತಟ್ಟೆ ಬಂತು. ನಮ್ಮನೇರ ಪಡದ ಮುಂದ ನಿಂತ್ಕಂತು. ಆಮ್ಯಾಲೆ ನನ್ನ ದಾಟಿ ಪೊನ್ನುತಾಯಿ ಮುಂದಕ್ಕೆ ಓಯ್ತು. ಯಾಕೆ ಅಂತ ಕೇಳ್ದೆ. ಆ ಪಾಂಡಿಯರಾಜನ್ ಏಳ್ತಾನೆ, ನಿಂದು ಮೂರು ಕಟ್ಟಿಗೆ ಅತ್ತೆ, ನೀನು ಇನ್ನೂ ಬದುಕಿದೀಯ. ಬದುಕಿರೋ ಮುಂಡೇರ ಮುಂದ ತಾಳಿ ತರೋ ವಳಕ್ಕ ಇಲ್ಲೆ."

ನಾನು ಕೈಯಲ್ಲಿದ್ದ ಉಳಿ ಕೆಳಗಿಟ್ಟೆ.

"ಪೊನ್ನುತಾಯಿ ನೆನಪೈತಾ ನಿಂಗೆ? ಗಂಡ ಓದಮ್ಯಾಲೆ ಎಲ್ಲಾ ಕಲ್ಯಾಣದಲ್ಲೂ ಇಂದ್ಗಡೆ ಅಡುಗೆ ಚಪ್ಪರದಲ್ಲಿ, ಮಜ್ಜಿಗೆ ಅಂಡೆ ಅತ್ರ ಕೂರೋಳು. ಸ್ವಂತ ಮಗನ ಕಲ್ಯಾಣಕ್ಕೂ ಅಲ್ಲೇ. ಮುಂದಕ್ಕೆ ಬಂದ್ರೆ ಅಪಶಕುನಂ. ಸತ್ಲು. ನೀನು ಚೌಕಟ್ಟು ಆಕ್ದೆ. ಅವತ್ತಿಂದ ತಾಳಿ ಅವಳ ಮುಂದಕ್ಕೆ ಓಯ್ತದೆ! ಅದೇ ಮಕ, ಅದೇ ಬೋಳು ಅಣೆ. ಈವಾಗ ಒಳ್ಳೇ ಶಕುನಂ. ಅದ ನೋಡೇ ನಾನು ಪಡ ಬರೆಸಿದ್ದು."

ಪೊನ್ನುತಾಯಿಯ ಚೌಕಟ್ಟು ಮಾಡಿದವಳು ನಾನೇ. ಎಷ್ಟೋ ಮದುವೆಗಳಲ್ಲಿ ಆ ತಟ್ಟೆ ಅವಳ ಮುಂದೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ, ಕೆತ್ತನೆ ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟಿದ್ದೇನೆ. ನಮ್ಮ ಹೆಂಗಸಿಗೆ ಮಂಗಳ ಬರಬೇಕಾದರೆ ಒಂದೋ ಗಂಡನಿರಬೇಕು, ಇಲ್ಲ ಅವಳಿರಬಾರದು ಎಂಬ ಈ ಚೆಂದದ ಲೆಕ್ಕ ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ.

"ವೈಯಾಸಿಲಿ ಯುವಶ್ರೀ ಕಲ್ಯಾಣಂ," ಎಂದಳು ದೊಡ್ಡವ್ವ.

ಯುವಶ್ರೀ ಪಾಂಡಿಯ ಮಗಳು. ಅಪ್ಪ ಅಮ್ಮ ಮಲೆಯ ಮೇಲಿದ್ದದ್ದರಿಂದ ಆ ಕೂಸು ಬೆಳೆದದ್ದೆಲ್ಲ ಕೊಂಬೈಯಲ್ಲಿ, ಅಜ್ಜಿಯ ಸೊಂಟದ ಮೇಲೆ. ಈಗ ತೇನಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕೆಲಸ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

"ಕಾಲ ಮ್ಯಾಲೆ ಮಲಗಿಸಿ ನೀರು ಉಯ್ದಿದ್ದು ನಾನು. ಅಲ್ಲು ಬಂದಾಗ ನನ್ನ ಬೆರಳು ಕಚ್ಚಿದ್ದು. ಅವಳ ತಾಳಿ ನನ್ನ ದಾಟ್ಕೊಂಡು ಓಯ್ತದಾ? ನಾನು ಮಜ್ಜಿಗೆ ಅಂಡೆ ಅತ್ರ ಕೂತು ಮ್ಯಾಳ ಕೇಳ್ಕಬೇಕಾ? ಸಾಯ್ದೆ ಇದ್ರೆ ಆ ತಟ್ಟೆ ನನ್ನ ಮುಂದ ಬರಾಕಿಲ್ಲ ಅಂದ್ರೆ, ಸರಿ, ಆ ಸೆವುರಿನ ಮ್ಯಾಲೆ ಸತ್ತೇ ಓಗ್ತೀನಿ. ನಾಕನೇದು ಕೂಡ್ಸಿ ಮೊಳೆ ಒಡಿ ಮಗಳೆ."

ಅವಳು ಅಳಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡಕ್ಕಿಂತ ಮೊದಲು ಹೆದರಿಕೆ ಬಂತು. ನಾನು ಮೊಳೆ ಹೊಡೆದ ಮೇಲೆ ಅವಳಿಗೆ ಒಂದು ನೆಗಡಿ ಬಂದರೂ ಸಾಕು. ಕಂಬಂ ಊರಿನಿಂದ ದಿಂಡಿಗಲ್ಲಿನವರೆಗೆ ಇರುವ ನಮ್ಮವರೆಲ್ಲ ಗೋಮತಿಯ ಸುತ್ತಿಗೆ ಮುದುಕಿಯನ್ನು ತಿಂದಿತು ಎನ್ನುತ್ತಾರೆ. ಆಮೇಲೆ ದೇವರೂ ನನ್ನ ಅಂಗಡಿಗೆ ಬರುವುದಿಲ್ಲ. ಸುಂದರ್ ಹೊರಗಿನಿಂದ ಎಲ್ಲವನ್ನೂ ಕೇಳಿಸಿಕೊಂಡು, ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಅವನು ಅಷ್ಟು ಸನ್ನೆ ಮಾಡದಿದ್ದರೆ ನಾನು ಇನ್ನೂ ಸ್ವಲ್ಪ ಯೋಚಿಸುತ್ತಿದ್ದೆನೋ ಏನೋ.

ಯುವಶ್ರೀಯ ಮದುವೆಯ ಹಿಂದಿನ ಮಧ್ಯಾಹ್ನ ಚೀಲದಲ್ಲಿ ಸುತ್ತಿಗೆ, ಸರೇಸು, ಸಣ್ಣ ಮೊಳೆ, ಬಟ್ಟೆ ಸುತ್ತಿದ ನಾಲ್ಕನೆಯ ಕಟ್ಟಿಗೆ ಇಟ್ಟುಕೊಂಡು ಮಂಟಪಕ್ಕೆ ಹೋದೆ. ನಿಲಕೋಟೆಯಿಂದ ಹೂವಿನ ಮೂಟೆ ಬಂದಿತ್ತು. ಪಾಂಡಿಯರಾಜನ್ ಬಾಗಿಲಲ್ಲಿ ನಿಂತು ಪ್ಲಾಸ್ಟಿಕ್ ಹೂವಿನ ಕಮಾನು ನೆಟ್ಟಗಿದೆಯೋ ಎಂದು ತಲೆ ಓರೆ ಮಾಡಿ ನೋಡುತ್ತಿದ್ದರು. ನನ್ನನ್ನು ಕಂಡು, "ಸ್ಕ್ರೂ ಲೂಸಾ?" ಎಂದರು. ಹೂಂ ಎಂದೆ. ಸುಳ್ಳಲ್ಲ. ಯಾರದು ಎಂದು ಅವರು ಕೇಳಲಿಲ್ಲ.

ಚಿತ್ರವನ್ನು ಇಳಿಸಿ ಬೆಂಚಿನ ಮೇಲೆ ಮಲಗಿಸಿದೆ. ನಾಲ್ಕನೆಯದನ್ನು ಇಟ್ಟರೆ ಬಳ್ಳಿ ತನ್ನ ಬಾಲವನ್ನು ತಾನೇ ಬಂದು ಸೇರಿತು. ಎರಡು ಮೂಲೆಯಲ್ಲೂ ಬೆಳಕು ನುಸುಳಲಿಲ್ಲ. ಅಷ್ಟು ಹೆದರಿಕೆಯ ನಡುವೆಯೂ ನನಗೆ ಖುಷಿಯಾಯಿತು, ಹೇಳದೆ ಏನು. ಮೊದಲ ಮೊಳೆಯ ಸದ್ದಿಗೆ ಹೂವಿನವರು ತಿರುಗಿದರು, ಎರಡನೆಯದಕ್ಕೆ ಪಾಂಡಿಯರಾಜನ್ ಓಡಿ ಬಂದರು. ಅಷ್ಟರಲ್ಲಿ ಮೂಲೆಗಳು ಬಿಗಿದಾಗಿತ್ತು.

"ಏಯ್ ಗೋಮತಿ! ಏನಮ್ಮ ಮಾಡ್ದೆ? ಅತ್ತೆ ಗಟ್ಟಿಯಾಗಿ ಮನೇಲಿ ಕೂತವ್ರೆ! ತೆಗಿ ಅದ್ನ!"

"ತೆಗೀಬಹುದು ತಲೈವರೆ. ಮೂಲೆ ಒಡೀಬೇಕು. ಕೂಡಿದ ಚೌಕಟ್ಟು ಒಡೆದವನ ಮನೆ ಒಡೀತದೆ ಅಂತ ನೀವೇ ಹೋದ ವರ್ಷ ಹೇಳಿದ್ರಲ್ಲ? ನಂಗೆ ಅಷ್ಟು ಎದೆಗಾರಿಕೆ ಇಲ್ಲ. ತಗೊಳ್ಳಿ, ನೀವೇ ಒಡೀರಿ."

ಸುತ್ತಿಗೆಯನ್ನು ಹಿಡಿ ಮುಂದೆ ಮಾಡಿ ಚಾಚಿದೆ. ಪಾಂಡಿಯರಾಜನ್ ಕೈ ಮುಂದೆ ಬಂತು, ನಿಂತಿತು, ಜೇಬಿನ ಪೆನ್ನಿನ ಕಡೆ ತಿರುಗಿತು. ಹೊಡೆದರೆ ಮನೆ ಒಡೆಯುತ್ತದೆ, ಬಿಟ್ಟರೆ ಮುದುಕಿ ಸಾಯುತ್ತಾಳೆ. ಮನೆ ಅವರದು, ಮುದುಕಿ ಪಾಂಡಿಯ ಅವ್ವ. ಅಧ್ಯಕ್ಷರು ಬೇಗ ತೀರ್ಮಾನಕ್ಕೆ ಬಂದರು.

"ಮುರುಗ ವಿಟ್ಟ ವಳಿ," ಎಂದು ಎಲ್ಲವನ್ನೂ ಮುರುಗನ ಮೇಲೆ ಹಾಕಿ ಕಮಾನಿನ ಕಡೆ ಹೋದರು. ನಾನು ಚಿತ್ರವನ್ನು ಮತ್ತೆ ಗೋಡೆಗೆ ಏರಿಸಿದೆ.

ಮದುವೆಯ ಬೆಳಗ್ಗೆ ಹೂವಿನವನು ಗೋಡೆಯ ಚಿತ್ರಗಳಿಗೆಲ್ಲ ಮಲ್ಲಿಗೆ ಏರಿಸಿದ. ನಾಲ್ಕು ಕಟ್ಟಿಗೆ ಇದ್ದವರಿಗೆಲ್ಲ ಏರಿಸಬೇಕೆಂಬುದು ಅವನಿಗೆ ಹೇಳಿದ್ದ ಮಾತು, ದೊಡ್ಡವ್ವನಿಗೂ ಏರಿಸಿದ. ಗಂಡ ಹೋದ ಮೇಲೆ ಅವಳ ತಲೆಗೆ ಬಾರದ ಮಲ್ಲಿಗೆ ಅವಳ ಚಿತ್ರದ ತಲೆಗೆ ಬಂತು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಬದುಕಿರುವ ದೊಡ್ಡವ್ವ ಮಾತ್ರ ಹಿಂದಿನ ಅಡುಗೆ ಚಪ್ಪರದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು, ಸಭೆಯ ನಡುವೆಯೇ ಹಾದು, ತನ್ನ ಚಿತ್ರದ ಕೆಳಗೆ ಹಾಕಿಕೊಂಡು ಕೂತಳು. ಪಾಂಡಿ ಓಡಿಬಂದು, "ಅವ್ವ, ಇಲ್ಲಿ ಬ್ಯಾಡ, ಒಳಗ ಫ್ಯಾನು ಐತೆ," ಎಂದ.

"ಇಲ್ಲಿ ನನ್ನ ಪಡ ಐತೆ. ಓಗಿ ನಿನ್ನ ಮಗಳ ನೋಡು."

ಪಾಂಡಿ ಸರಿ ಎಂದ.

ಮೇಳ ಜೋರಾಯಿತು. ಮದುಮಗನ ಅಕ್ಕ, ಉತ್ತಮಪಾಳಯದ ಹೆಣ್ಣುಮಗಳು, ತಾಳಿಯ ತಟ್ಟೆ ಹಿಡಿದು ಗೋಡೆಯ ಕಡೆ ಬಂದಳು. ಅರಿಶಿನ ಮೆತ್ತಿದ ದಾರ, ತೆಂಗಿನಕಾಯಿ, ಅಕ್ಕಿ. ಒಂದೊಂದು ಚಿತ್ರದ ಮುಂದೂ ನಿಂತು ನಿಂತು ಬಂದಳು. ದೊಡ್ಡವ್ವನ ಗಂಡನ ಮುಂದೆ ನಿಂತಳು. ಮುಂದಿನ ಚೌಕಟ್ಟು ನೋಡಿದಳು. ನಾಲ್ಕು ಕಡೆಯೂ ಕೂಡಿತ್ತು, ಮಲ್ಲಿಗೆಯೂ ಇತ್ತು. ನಿಂತಳು. ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಮುದುಕಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ಸಂಕೋಚದಿಂದ ನಕ್ಕಳು.

ಅದಷ್ಟೇ ಸಾಕಿತ್ತು. ತಟ್ಟೆ ಬಂದಿತ್ತು, ನಿಂತಿತ್ತು, ನಾವು ಅಂದುಕೊಂಡದ್ದು ಅಷ್ಟೇ. ಆದರೆ ದೊಡ್ಡವ್ವ ಎರಡೂ ಕೈ ಎತ್ತಿದಳು. ತಟ್ಟೆಯ ಅಕ್ಕಿಯೊಳಗೆ ಬೆರಳಿಟ್ಟು, ಅಲ್ಲಿಂದ ತಾಳಿಯ ದಾರವನ್ನು ಎರಡೂ ಅಂಗೈಯಲ್ಲಿ ತುಂಬಿಕೊಂಡಳು. ಹಕ್ಕಿಮರಿ ಹಿಡಿದ ಹಾಗೆ.

ಮೇಳದವರೂ ನಿಲ್ಲಿಸಿಬಿಟ್ಟರು. ಪಾಂಡಿಯರಾಜನ್ ಸಭೆಯ ನಡುವಿನಿಂದ ಕೂಗಿದರು, "ಅತ್ತೆ! ನೀವು ಮುಟ್ಟಬಾರ್ದು!"

"ನಾನು ಎಲ್ಲಿ ಮುಟ್ಟಿದೀನಿ ತಂಬಿ?" ದೊಡ್ಡವ್ವ ತಲೆ ಎತ್ತದೆ, ಗಲ್ಲದಿಂದ ಗೋಡೆಯ ಕಡೆ ತೋರಿಸಿದಳು. "ಅವಳು ಆಶೀರ್ವಾದ ಮಾಡ್ತಾ ಅವ್ಳೆ. ಮಾಸ್ತರು ಅವಳಿಗೆ ಕೈ ಬರೀಲಿಲ್ಲ, ಎದೆಗೇ ನಿಲ್ಲಿಸ್ಬುಟ್ಟ. ಅದಕ್ಕೆ ನಂದು ಕಡ ಕೊಟ್ಟಿದೀನಿ."

ಯಾರೋ ನಕ್ಕರು, ಯಾರೋ ಉಸ್ಸೆಂದರು. ಸತ್ತವಳ ಆಶೀರ್ವಾದವನ್ನು ಬೇಡ ಎನ್ನುವುದು ಅಪಶಕುನ, ಬದುಕಿರುವ ವಿಧವೆಯ ಕೈ ತಾಗಗೊಡುವುದೂ ಅಪಶಕುನ. ಪಾಂಡಿಯರಾಜನ್ ಕೈ ಮತ್ತೆ ಜೇಬಿನ ಪೆನ್ನಿಗೆ ಹೋಯಿತು. ಮಣೆಯ ಮೇಲಿದ್ದ ಯುವಶ್ರೀ ಎದ್ದು ನಿಂತುಬಿಟ್ಟಿದ್ದಳು. ಮದುಮಗಳು ನಡುವೆ ಏಳಬಾರದು ಎಂದು ಯಾರೋ ಅವಳ ಭುಜ ಒತ್ತಿದರು. ಅವಳು ಕೂರಲಿಲ್ಲ.

"ಇಡ್ಕ ಅಜ್ಜಿ," ಎಂದಳು ಅಲ್ಲಿಂದಲೇ. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. "ಬುಡಬ್ಯಾಡ. ಎಷ್ಟೊತ್ತು ಬೇಕೋ ಅಷ್ಟೊತ್ತು ಇಡ್ಕ."

ದೊಡ್ಡವ್ವ ಕಣ್ಣು ಮುಚ್ಚಿ ಏನೋ ಅಂದುಕೊಂಡಳು. ತುಟಿ ಮಾತ್ರ ಅಲುಗಿತು. ಆಮೇಲೆ ದಾರವನ್ನು ಅಕ್ಕಿಯ ಮೇಲೆ ಇಳಿಸಿದಳು. ಮದುಮಗನ ಅಕ್ಕ ತಟ್ಟೆಯನ್ನು ಪೊನ್ನುತಾಯಿಯ ಮುಂದಕ್ಕೆ ಒಯ್ದಳು, ಮೇಳ ಮತ್ತೆ ಶುರುವಾಯಿತು.

ನಾನು ಹತ್ತಿರ ಹೋದೆ. ದೊಡ್ಡವ್ವನ ಕೈ ಇನ್ನೂ ಚಾಚಿದಂತೆಯೇ ಇತ್ತು, ಬೆರಳ ತುದಿಯಲ್ಲಿ ಅರಿಶಿನ. ಹಿಡಿದುಕೊಂಡೆ. ಇಷ್ಟು ದಿನ ಊರಿಗೆ ಊರನ್ನೇ ಗದರಿಸಿದ ಕೈ ಅದು.

"ಆಯ್ತು ಮಗಳೆ," ಎಂದಳು ಮೆಲ್ಲಗೆ. "ಇನ್ನ ಸತ್ರೂ ಪರವಾಯಿಲ್ಲೆ."

"ಸಾಯ್ತೀಯಾ? ಸತ್ತು ನೋಡು!" ಅಳುತ್ತಲೇ ಬೈದೆ. "ಮೊಳೆ ಹೊಡೆದಿರೋದು ನಾನು. ನೀನು ಈ ವರ್ಷ ಸೀನಂಗೂ ಇಲ್ಲ. ಏಳು, ಉಣ್ಣು ನಡಿ."

ತಾಳಿ ಕಟ್ಟಿದ ಗಟ್ಟಿಮೇಳದ ಸದ್ದಿಗೆ ಸಭೆಯೆಲ್ಲ ಅಕ್ಕಿ ಎರಚುತ್ತಿರುವಾಗ ನಾವಿಬ್ಬರೂ ಊಟದ ಕಡೆ ನಡೆದೆವು. ಮಜ್ಜಿಗೆ ಹಂಡೆಯ ಹತ್ತಿರ ಬಿಳಿ ಸೀರೆಯವರು ನಾಲ್ಕಾರು ಜನ ಎಂದಿನಂತೆ ಕೂತಿದ್ದರು. ದೊಡ್ಡವ್ವ ಅಲ್ಲಿ ಸ್ವಲ್ಪ ನಿಂತಳು. ಕೊನೆಯಲ್ಲಿದ್ದವಳ ರಟ್ಟೆ ಹಿಡಿದು ಎಬ್ಬಿಸಿಕೊಂಡು, ಮೊದಲ ಪಂಕ್ತಿಯ ಮೊದಲ ಎಲೆಗೆ ಕರೆದೊಯ್ದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.